ಎಡಗೈ ಬಾಲಕನಿಗೊಂದು ಬ್ಯಾಂಜೋ



ಕೆಲವು ತಿಂಗಳ ಹಿಂದೆ ಒಂದು ಸಾಯಂಕಾಲ ಹಾರನಹಳ್ಳಿಯ ನಮ್ಮ ಮನೆಯ ಜಗುಲಿಯಲ್ಲಿ ಒಂದು ಸಣ್ಣ ವ್ಯಾಜ್ಯವು ನಡೆಯಿತು. ಹನ್ನೊಂದು ವರ್ಷದ ನನ್ನ ಮೊಮ್ಮಗನು ಬ್ಯಾಂಜೋ ಕಲಿಯಬೇಕೆಂದು ಹಟ ಹಿಡಿದಿದ್ದನು. ವಾದ್ಯವನ್ನು ಕೊಡಿಸುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಆದರೆ ಹುಡುಗನು ಎಡಚನು. ಊಟವೊಂದನ್ನು ಬಿಟ್ಟರೆ ಬರೆಯುವುದು, ಚೆಂಡೆಸೆಯುವುದು, ಗಂಟು ಬಿಚ್ಚುವುದು ಎಲ್ಲವೂ ಎಡಗೈಯಿಂದಲೇ. "ವಾದ್ಯವನ್ನಾದರೂ ಬಲಗೈಯಲ್ಲಿ ಕಲಿಯಲಿ, ಕೈ ತಿದ್ದಿಕೊಳ್ಳುತ್ತದೆ" ಎಂದು ಅವನ ತಂದೆಯು ಹೇಳಿದನು. ಎಲ್ಲರೂ ನನ್ನ ಮುಖವನ್ನು ನೋಡಿದರು. ಇಂತಹ ಸಂಗತಿಗಳಲ್ಲಿ ಹಳೆಯ ಉಪಾಧ್ಯಾಯನ ತೀರ್ಪೇ ಕಡೆಯದೆಂಬುದು ನಮ್ಮ ಮನೆಯ ವಾಡಿಕೆ.

ನಾನು ಆ ಹೊತ್ತು ಉತ್ತರ ಕೊಡಲಾರದೆ ಹೋದೆನು. ಕಾರಣವನ್ನು ಮುಚ್ಚುವುದಿಲ್ಲ. ವೃತ್ತಿಗೆ ಸೇರಿದ ಹೊಸತರಲ್ಲಿ ನನ್ನ ತರಗತಿಯಲ್ಲಿ ಒಬ್ಬ ಎಡಚ ಬಾಲಕನಿದ್ದನು. ಅವನು ಬಳಪವನ್ನು ಎಡಗೈಯಲ್ಲಿ ಹಿಡಿದಾಗಲೆಲ್ಲ ಬೆರಳಿನ ಗಿಣ್ಣಿನ ಮೇಲೆ ಅಡಿಕೋಲಿನಿಂದ ಹೊಡೆಯುತ್ತಿದ್ದೆನು. ಅದು ಅವನಿಗೆ ಹಿತವೆಂದೇ ನಂಬಿದ್ದೆನು. ವರ್ಷಾಂತ್ಯಕ್ಕೆ ಅವನು ಬಲಗೈಯಿಂದ ಬರೆಯುವುದನ್ನು ಕಲಿತನು. ಪ್ರಶ್ನೆ ಕೇಳುವುದನ್ನು ಬಿಟ್ಟುಬಿಟ್ಟನು. ನಾನು ಮೊದಲನೆಯದನ್ನು ಮಾತ್ರ ಲೆಕ್ಕಕ್ಕೆ ಹಿಡಿದೆನು.

ಸಂಸ್ಕೃತವನ್ನೋದಿದವನಲ್ಲಿ ಈ ತಪ್ಪು ಇನ್ನೂ ಅಕ್ಷಮ್ಯವಾದುದು. 'ಸವ್ಯ'ವೆಂದರೆ ಎಡ, 'ಅಪಸವ್ಯ'ವೆಂದರೆ ಬಲ. ಕನ್ನಡಕ್ಕೆ ಬರುವಷ್ಟರಲ್ಲಿ ಅಪಸವ್ಯಕ್ಕೆ ತಲೆಕೆಳಗಾದುದೆಂಬ ಅರ್ಥವು ಬಂದಿತು. ಶಬ್ದದ ಲೆಕ್ಕದಲ್ಲಿ ಬಲವೇ ವಕ್ರ! 'ವಾಮ'ವೆಂಬುದಕ್ಕೆ ಎಡವೆಂದೂ ಅರ್ಥ, ಸುಂದರವೆಂದೂ ಅರ್ಥ. ವಿರಾಟಪರ್ವದಲ್ಲಿ ಅರ್ಜುನನು ಉತ್ತರಕುಮಾರನಿಗೆ ತನ್ನ ಹತ್ತು ಹೆಸರುಗಳನ್ನು ವಿವರಿಸುವಾಗ, ಎರಡು ಕೈಗಳಿಂದಲೂ ಗಾಂಡೀವವನ್ನೆಳೆಯಬಲ್ಲ ಕಾರಣ ತಾನು ಸವ್ಯಸಾಚಿಯೆನಿಸಿದುದನ್ನು ಹೇಳಿಕೊಳ್ಳುತ್ತಾನೆ. ಇದನ್ನು ಮಕ್ಕಳಿಗೆ ಪಾಠ ಹೇಳಿದವನೂ ನಾನೇ, ಅಡಿಕೋಲು ಹಿಡಿದವನೂ ನಾನೇ.

ಆದುದರಿಂದ ತೀರ್ಪಿಗೆ ಮುಂಚೆ ವಾದ್ಯವನ್ನು ಅರಿಯೋಣವೆಂದು ಹುಡುಗನೊಡನೆ ಬೆಂಗಳೂರಿಗೆ ಹೋಗಿ, ವಾದ್ಯದ ಅಂಗಡಿಯೊಂದರಲ್ಲಿ ಅರ್ಧ ದಿನ ಕಳೆದೆನು. ನಮ್ಮ ದೇಶದಲ್ಲಿ ಬ್ಯಾಂಜೋ ಎಂಬ ಹೆಸರಿನಿಂದ ಎರಡು ವಾದ್ಯಗಳನ್ನು ಕರೆಯುವರೆಂಬುದನ್ನು ಗೃಹಸ್ಥರು ಮೊದಲು ತಿಳಿಯಬೇಕು. ಒಂದು, ಬುಲ್‌ಬುಲ್ ತರಂಗ. ಇದು 1912ರಲ್ಲಿ ಜಪಾನಿನಲ್ಲಿ ಹುಟ್ಟಿದ ತೈಶೋಗೋತೊ ಎಂಬ ವಾದ್ಯದ ಸಂತತಿ. ಉದ್ದನೆಯ ಪೆಟ್ಟಿಗೆ, ಅದರ ಮೇಲೆ ತಂತಿ, ಬೆರಳಚ್ಚು ಯಂತ್ರದಂತಹ ಗುಂಡಿಗಳು. ಇದರಲ್ಲಿ ಎಡಗೈ ಗುಂಡಿಗಳನ್ನೊತ್ತುವುದು, ಬಲಗೈ ತಂತಿಯನ್ನು ಮೀಟುವುದು. ಎಡಚನ ಚುರುಕಾದ ಕೈಗೇ ಹೆಚ್ಚಿನ ಕೆಲಸವಿರುವುದರಿಂದ ಇದನ್ನು ಇದ್ದಂತೆಯೇ ಮೊದಲು ನುಡಿಸಿ ನೋಡಬಹುದು.

ಇನ್ನೊಂದು, ನಿಜವಾದ ಬ್ಯಾಂಜೋ. ಗುಲಾಮರಾಗಿ ಅಮೆರಿಕಾ ಖಂಡಕ್ಕೆ ಒಯ್ಯಲ್ಪಟ್ಟ ಆಫ್ರಿಕದ ಜನರು ತಮ್ಮ ನಾಡಿನ ಸೋರೆಬುರುಡೆಯ ವಾದ್ಯಗಳ ನೆನಪಿನಿಂದ ಇದನ್ನು ರೂಪಿಸಿದರು. ದುಂಡಗಿನ ಬಳೆಗೆ ಬಿಗಿದ ಚರ್ಮ, ಅದಕ್ಕೊಂದು ನೀಳವಾದ ಕೊರಳು. ನಮ್ಮ ಹುಡುಗನು ಬಯಸಿದುದು ಇದನ್ನೇ.

ಇತರ ತಂತೀವಾದ್ಯಗಳನ್ನು ಎಡಗೈಗೆ ತಿರುಗಿಸುವುದು ಸುಲಭವಲ್ಲ. ಪಿಟೀಲಿನ ಹೊಟ್ಟೆಯೊಳಗೆ ದಪ್ಪ ತಂತಿಯ ಕಡೆಗೆ ಮಾತ್ರ ಒಂದು ಮರದ ಪಟ್ಟಿಯಿರುತ್ತದೆ. ವೀಣೆಯಲ್ಲಿ ತಾಳದ ತಂತಿಗಳು ಒಂದೇ ಪಕ್ಕದಲ್ಲಿರುತ್ತವೆ. ಬ್ಯಾಂಜೋವಿನ ಒಡಲಾದರೋ ಮದ್ದಳೆಯ ಮುಖದಂತೆ ದುಂಡಗೆ, ಅದಕ್ಕೆ ಎಡಬಲವಿಲ್ಲ. ತೊಡಕೆಲ್ಲವೂ ಕೊರಳಿನಲ್ಲಿ. ನಾಲ್ಕು ತಂತಿಯದಾದರೆ ತಂತಿಗಳ ಕ್ರಮವನ್ನು ತಿರುಗಿಸಿ, ಅವು ಕೂರುವ ಮೇಲ್ಪಟ್ಟಿಯ ಕಚ್ಚುಗಳನ್ನೂ ಕುದುರೆಯನ್ನೂ ಬದಲಾಯಿಸಿದರೆ ಸಾಕು. ಐದು ತಂತಿಯದರಲ್ಲಿ ಹಾಗಲ್ಲ. ಅದರ ಐದನೆಯ ತಂತಿಯು ಗಿಡ್ಡ. ಅದರ ಬಿರಡೆಯು ಐದನೆಯ ಮೆಟ್ಟಿಲಿನ ಬಳಿ ಕೊರಳಿನ ಮೇಲ್ಪಕ್ಕದಲ್ಲಿರುತ್ತದೆ. ಶ್ರುತಿಯಂತೆ ನಡುನಡುವೆ ಮೊಳಗುವ ಆ ತಂತಿಯನ್ನು ಹೆಬ್ಬೆರಳು ಮೀಟಬೇಕು. ವಾದ್ಯವನ್ನು ಮಗುಚಿ ಹಿಡಿದರೆ ತಂತಿಯು ಕೆಳಕ್ಕೆ ಹೋಗಿ ಹೆಬ್ಬೆರಳಿಗೆ ದೂರವಾಗುವುದು. ಆದಕಾರಣ ಐದು ತಂತಿಯದನ್ನು ಬಯಸುವ ಎಡಚನು ಕೊರಳನ್ನೇ ಎಡಗೈಗೆಂದು ಮಾಡಿದ ವಾದ್ಯವನ್ನು ತರಿಸಬೇಕು. ಅಂಗಡಿಯಲ್ಲಿ ಅಂತಹುದಿರಲಿಲ್ಲ. "ಇದೇ ಸಾಕು, ರೂಢಿಯಾಗುತ್ತದೆ" ಎಂದರು. ಈ ಮಾತಿಗೆ ಸೋಲಬಾರದು.

ಹುಡುಗನು ಯಾವ ಕೈಯವನೆಂಬುದನ್ನು ಲೇಖನಿಯಿಂದ ನಿರ್ಣಯಿಸುವುದೂ ಸಲ್ಲದು. ಬರಿಗೈಯಲ್ಲಿ ನಿಲ್ಲಿಸಿ, ಹಾಡೊಂದನ್ನು ಕೇಳಿಸಿ, ವಾದ್ಯವಿರುವಂತೆ ಗಾಳಿಯಲ್ಲಿ ನುಡಿಸಲು ಹೇಳಬೇಕು. ಲಯ ಹಿಡಿಯುವ ಕೈಯೇ ಮೀಟುವ ಕೈ. ಎಡಗೈಯಲ್ಲಿ ಬರೆಯುವವರು ಕೆಲವರು ಬಲಗೈಯಿಂದಲೇ ಮೀಟುವುದುಂಟು. ಅವರಿಗೆ ಸಾಧಾರಣ ವಾದ್ಯವೇ ಲೇಸು. ನಮ್ಮವನು ಮೂರು ಸಲವೂ ಎಡಗೈಯನ್ನೇ ಆಡಿಸಿದನು.

ಎಡಗೈಯ ಕಷ್ಟವು ವಿದ್ವತ್ಸಭೆಯನ್ನೂ ಬಿಟ್ಟಿಲ್ಲ. ಮೃದಂಗ ವಿದ್ವಾಂಸರಾದ ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರು (1908–1962) ಎಡಚರು. ಅವರು ನುಡಿಸುವಾಗ ವೇದಿಕೆಯಲ್ಲಿ ಪಿಟೀಲಿನವರು ತಮ್ಮ ಪಕ್ಕವನ್ನು ಬದಲಾಯಿಸಬೇಕಾಗುತ್ತಿತ್ತು, ಕೆಲವರು ಒಪ್ಪಲಿಲ್ಲ. ಚೆಂಬೈ ವೈದ್ಯನಾಥ ಭಾಗವತರು ಅವರ ಪಕ್ಷವನ್ನು ವಹಿಸಿ ಜೊತೆಗಿರಿಸಿಕೊಂಡರು. ಅಮೆರಿಕದ ಎಲಿಜಬೆತ್ ಕಾಟನ್ ಎಂಬಾಕೆಯು ಬಾಲ್ಯದಲ್ಲಿ ಅಣ್ಣನ ಬ್ಯಾಂಜೋವನ್ನು ಮಗುಚಿ ಹಿಡಿದು ಎಡಗೈಯಿಂದ ಕಲಿತಳು. ಮುಂದೆ ಗಿಟಾರನ್ನೂ ಹಾಗೆಯೇ ಹಿಡಿದು, ಹೆಬ್ಬೆರಳಿನಿಂದ ರಾಗವನ್ನೂ ಉಳಿದ ಬೆರಳುಗಳಿಂದ ಮಂದ್ರವನ್ನೂ ನುಡಿಸಿ, ಮುಪ್ಪಿನಲ್ಲಿ, 1985ರಲ್ಲಿ, ಗ್ರ್ಯಾಮಿ ಪ್ರಶಸ್ತಿಯನ್ನು ಪಡೆದಳು. ಅದು ಆಕೆಯ ಪ್ರತಿಭೆ. ಮಕ್ಕಳಿಂದ ಅಷ್ಟು ತಪಸ್ಸನ್ನು ಬೇಡುವುದು ನ್ಯಾಯವಲ್ಲ.

ನನ್ನ ತೀರ್ಪನ್ನು ಹೇಳಿದೆನು: ಎಡಗೈಯ ಐದು ತಂತಿಯ ವಾದ್ಯವೇ ಬರಲಿ. ನಷ್ಟಗಳನ್ನೂ ಹೇಳಿದೆನು: ಕಾಯಬೇಕು, ಇತರರ ವಾದ್ಯ ಕೈಗೆ ಒಗ್ಗದು, ಬೇಡವಾದರೆ ಕೊಳ್ಳುವವರು ವಿರಳ. ಒಂದು ಲಾಭವೂ ಉಂಟು: ಗುರುವಿನ ಎದುರಿಗೆ ಕುಳಿತರೆ ಕನ್ನಡಿಯಲ್ಲಿ ನೋಡಿದಂತೆ ಪಾಠವು ಕಾಣುವುದು.

ವಾದ್ಯವು ಬಂದಿದೆ. ಸಂಜೆ ಚೆನ್ನಕೇಶವ ದೇವಾಲಯದಿಂದ ಹಿಂದಿರುಗುವಾಗ ಮನೆಯಿಂದ ತಪ್ಪುತಪ್ಪಾದ ಸ್ವರಗಳು ಕೇಳಿಬರುತ್ತವೆ; ನಿಲ್ಲಿಸಿ ಪ್ರಶ್ನೆ ಕೇಳುವ ಧ್ವನಿಯೂ ಕೇಳಿಬರುತ್ತದೆ. ನನ್ನ ಆ ಹಳೆಯ ಶಿಷ್ಯನು ಈಗ ಅರಸೀಕೆರೆಯಲ್ಲಿ ತೆಂಗಿನಕಾಯಿಯ ವ್ಯಾಪಾರಿ. ಮೊನ್ನೆ ಅಲ್ಲಿಗೆ ಹೋದಾಗ ಅವನು ಕಾಯಿಗಳನ್ನು ಎಡಗೈಯಿಂದ ಎಣಿಸಿ ಹಾಕುತ್ತಿದ್ದನು. ನನ್ನನ್ನು ಕಂಡೊಡನೆ ಬಲಗೈಗೆ ಬದಲಾಯಿಸಿದನು. ಮುಂದಿನ ಸಲ ಹೋದಾಗ ಅವನೊಡನೆ ಮಾತನಾಡಬೇಕೆಂದಿದ್ದೇನೆ.