ಡೆನ್ಮಾರ್ಕಿನ ‘ಹ್ಯೂಗ’: ಬೆಚ್ಚಗಿನ ಕೋಣೆಯ ಹೊರಗಿನ ಲೆಕ್ಕ

ಡಿಸೆಂಬರ್ ತಿಂಗಳಿನಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟೂವರೆ ಗಂಟೆಗೆ. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಅವನು ಮುಳುಗಿಯೂ ಬಿಡುತ್ತಾನೆ. ಹಗಲೆಂಬುದು ಏಳು ತಾಸಿನ ಮಾತು. ಆ ಏಳು ತಾಸಿನಲ್ಲಿಯೂ ಮೋಡ, ಗಾಳಿ, ಜಿನುಗುವ ಮಳೆ. ಇಂಥ ಚಳಿಗಾಲಗಳನ್ನು ತಲೆತಲಾಂತರದಿಂದ ಕಳೆದು ಬಂದ ಜನ, ಕತ್ತಲು ಕವಿದ ಸಂಜೆಯಲ್ಲಿ ನಾಲ್ಕಾರು ಮಂದಿ ಆಪ್ತರು ಒಂದೆಡೆ ಕುಳಿತು, ದೀಪದ ಮಂದ ಬೆಳಕಿನಲ್ಲಿ ಬಿಸಿಯಾದುದನ್ನು ಕುಡಿಯುತ್ತ, ಅವಸರವಿಲ್ಲದೆ ಮಾತನಾಡುವ ಸುಖಕ್ಕೆ ಒಂದು ಹೆಸರನ್ನಿಟ್ಟುಕೊಂಡಿದ್ದಾರೆ. ಅದು ‘ಹ್ಯೂಗ’.

ಈ ಪದ ನೆರೆಯ ನಾರ್ವೆಯ ನುಡಿಯಿಂದ ಬಂದು, ಸುಮಾರು ಇನ್ನೂರು ವರ್ಷಗಳಿಂದ ಡ್ಯಾನಿಷ್ ಬರವಣಿಗೆಯಲ್ಲಿ ಬಳಕೆಯಲ್ಲಿದೆ. ಅದನ್ನು ಒಂದೇ ಶಬ್ದದಲ್ಲಿ ಕನ್ನಡಕ್ಕೆ ತರುವುದು ಕಷ್ಟ. ‘ನೆಮ್ಮದಿ’ ಎಂದರೆ ಸಮೀಪ ಬರುತ್ತದೆಯಾದರೂ ಅದರಲ್ಲಿ ಜೊತೆಗೂಡುವಿಕೆಯ ಅರ್ಥವಿಲ್ಲ. ಆರಿದ್ರಾ ಮಳೆ ಹೊಡೆಯುತ್ತಿರುವ ಇರುಳಿನಲ್ಲಿ ಒಲೆಯ ಮುಂದೆ ಮನೆಮಂದಿಯೆಲ್ಲ ಕುಳಿತು ಹಲಸಿನ ಹಪ್ಪಳ ಸುಟ್ಟು ತಿಂದವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾದ ಅಗತ್ಯವೂ ಇಲ್ಲ. ಅಂಥ ಓದುಗರಿಗಾಗಿ ನಾನು ಈ ಪರದೇಶದ ಪದವನ್ನು ಎತ್ತಿಕೊಂಡಿರುವುದಕ್ಕೆ ಬೇರೆಯೇ ಕಾರಣವಿದೆ.

ಮಾರುಕಟ್ಟೆಗೆ ಬಂದ ನೆಮ್ಮದಿ

2016ರಲ್ಲಿ ಈ ಪದ ಹಠಾತ್ತನೆ ಜಗತ್ತಿನ ಮಾರುಕಟ್ಟೆಗೆ ಬಂತು. ಇಂಗ್ಲಿಷಿನ ಎರಡು ಪ್ರಮುಖ ನಿಘಂಟುಗಳಾದ ಆಕ್ಸ್‌ಫರ್ಡ್ ಹಾಗೂ ಕಾಲಿನ್ಸ್ ಆ ವರ್ಷದ ಪದಗಳ ಪಟ್ಟಿಯಲ್ಲಿ ಅದನ್ನು ಸೇರಿಸಿದವು. ಕೋಪನ್‌ಹೇಗನ್‌ನಲ್ಲಿ ಸಂತೋಷದ ಕುರಿತು ಸಂಶೋಧನೆ ನಡೆಸುವ ಸಂಸ್ಥೆಯೊಂದರ ಮುಖ್ಯಸ್ಥ ಮೈಕ್ ವೈಕಿಂಗ್ ಬರೆದ ಕಿರುಪುಸ್ತಕ ಹಲವು ಭಾಷೆಗಳಿಗೆ ಅನುವಾದಗೊಂಡಿತು. ಅದರ ಹಿಂದೆಯೇ ಉಣ್ಣೆಯ ಕಂಬಳಿ, ಸುಗಂಧದ ಮೇಣದ ಬತ್ತಿ, ಮರದ ಬಟ್ಟಲು, ದಪ್ಪ ಕಾಲುಚೀಲಗಳ ವ್ಯಾಪಾರ ಹೊರಟಿತು. ಸರಳವಾಗಿ ಬದುಕುವುದಕ್ಕೂ ಸಾಮಾನುಗಳ ಪಟ್ಟಿ ಸಿದ್ಧವಾಯಿತು!

ಕೊಳ್ಳುಬಾಕ ಸಂಸ್ಕೃತಿಯ ಜಾಣತನ ಇರುವುದೇ ಇಲ್ಲಿ. ತನ್ನನ್ನು ತಿರಸ್ಕರಿಸುವ ವಿಚಾರವನ್ನೂ ಅದು ಪೊಟ್ಟಣ ಕಟ್ಟಿ ಮಾರಬಲ್ಲದು. ಮೇಣದ ಬತ್ತಿಯ ಉದಾಹರಣೆಯನ್ನೇ ನೋಡಿ. ಡೆನ್ಮಾರ್ಕಿನಲ್ಲಿ ತಲಾ ಸುಮಾರು 6 ಕಿಲೋ ಮೇಣ ಪ್ರತಿವರ್ಷ ಉರಿಯುತ್ತದೆಂಬ ಲೆಕ್ಕವನ್ನು ಹ್ಯೂಗದ ಪುಸ್ತಕಗಳು ಅಭಿಮಾನದಿಂದಲೇ ಉಲ್ಲೇಖಿಸುತ್ತವೆ. ಮೇಣದ ಬತ್ತಿಗೆ ಬಹುವಾಗಿ ಬಳಸುವ ಪ್ಯಾರಫಿನ್ ಕಚ್ಚಾ ತೈಲದ ಉಪೋತ್ಪನ್ನ. ಸರಳತೆಯ ಸಂಕೇತವಾಗಿ ಮೇಜಿನ ಮೇಲೆ ಮಿನುಗುತ್ತಿರುವುದು ಪೆಟ್ರೋಲಿಯಂ ಬಾವಿಯ ಕುಡಿ.

ಆದ್ದರಿಂದ ಡೆನ್ಮಾರ್ಕಿನ ಈ ವಿಚಾರವನ್ನು ಅಪ್ಪಿಕೊಳ್ಳಬೇಕೆಂದು ಹೇಳುವ ಮುನ್ನ, ಅದರ ಬೇರು ಎಲ್ಲಿದೆಯೆಂಬುದನ್ನು ವಿಚಾರಿಸಬೇಕು. ನನ್ನ ಅಭಿಪ್ರಾಯದಲ್ಲಿ ಆ ಬೇರು ಕೋಣೆಯ ಒಳಗಿಲ್ಲ. ಅದು ಕೋಣೆಯ ಹೊರಗೆ, ಆ ದೇಶದ ಜನ ಕೂಡಿ ಕಟ್ಟಿದ ಸಂಸ್ಥೆಗಳಲ್ಲಿದೆ.

ಕೋಣೆಯನ್ನು ಬೆಚ್ಚಗಿಟ್ಟವರು ಯಾರು?

ಹತ್ತೊಂಬತ್ತನೆಯ ಶತಮಾನದ ಡೆನ್ಮಾರ್ಕ್ ಸಿರಿವಂತ ನಾಡಾಗಿರಲಿಲ್ಲ. ಬಹುಪಾಲು ಜನ ಸಣ್ಣ ರೈತರು. 1844ರಲ್ಲಿ ರೋಡಿಂಗ್ ಎಂಬ ಊರಿನಲ್ಲಿ ಮೊದಲ ಜಾನಪದ ಪ್ರೌಢಶಾಲೆ ಆರಂಭವಾಯಿತು. ಅದರ ಹಿಂದಿದ್ದ ಚಿಂತನೆ ಪಾದ್ರಿಯೂ ಕವಿಯೂ ಆಗಿದ್ದ ಗ್ರುಂಡ್‌ವಿಗ್ ಅವರದು. ಕೃಷಿಕರ ಮಕ್ಕಳು ಚಳಿಗಾಲದ ಬಿಡುವಿನಲ್ಲಿ ಬಂದು, ಶಾಲೆಯಲ್ಲಿಯೇ ವಾಸವಿದ್ದು, ಚರಿತ್ರೆ, ಹಾಡು, ಮಾತು, ಕೃಷಿಗಳನ್ನು ಕಲಿತು ಹಿಂದಿರುಗುತ್ತಿದ್ದರು. ಪರೀಕ್ಷೆಯಿಲ್ಲ, ಪದವಿಯಿಲ್ಲ. ಬದುಕಿಗಾಗಿ ಕಲಿಯುವುದು, ಕಲಿತು ತಮ್ಮ ಊರಿಗೇ ಮರಳುವುದು ಆ ಶಾಲೆಗಳ ಗುರಿಯಾಗಿತ್ತು.

ಅಮೆರಿಕ ಮತ್ತು ರಷ್ಯಾಗಳಿಂದ ಅಗ್ಗದ ಧಾನ್ಯ ಯುರೋಪಿಗೆ ಹರಿದುಬಂದಾಗ ಡ್ಯಾನಿಷ್ ರೈತರು ದಿಕ್ಕೆಟ್ಟರು. ಧಾನ್ಯವನ್ನು ಬಿಟ್ಟು ಹೈನದತ್ತ ತಿರುಗಿದರು. 1882ರಲ್ಲಿ ಪಶ್ಚಿಮ ಜಟ್‌ಲೆಂಡಿನ ಹೆಡಿಂಗ್ ಎಂಬ ಹಳ್ಳಿಯಲ್ಲಿ ಮೊದಲ ಸಹಕಾರಿ ಡೈರಿ ಹುಟ್ಟಿತು; ಶತಮಾನ ತಿರುಗುವ ಹೊತ್ತಿಗೆ ಅಂಥವು ಸುಮಾರು ಸಾವಿರವಾಗಿದ್ದವು. ಈ ಚಳವಳಿಯಲ್ಲಿ ಒಂದು ನಾಣ್ಣುಡಿಯೇ ಇತ್ತು: ಮತ ಎಣಿಸುವುದು ತಲೆಗಳ ಲೆಕ್ಕದಲ್ಲಿ, ದನಗಳ ಲೆಕ್ಕದಲ್ಲಿ ಅಲ್ಲ. ಐವತ್ತು ಹಸುಗಳ ಒಡೆಯನಿಗೂ ಎರಡು ಹಸುಗಳ ಬಡವನಿಗೂ ಸಭೆಯಲ್ಲಿ ಒಂದೊಂದೇ ಮತ.

ಇದೇ ಶಾಲೆಗಳಿಂದ ಗಾಳಿಯೂ ಬೀಸಿತು. ಆಸ್ಕೊವ್ ಎಂಬಲ್ಲಿಯ ಜಾನಪದ ಪ್ರೌಢಶಾಲೆಯ ಉಪಾಧ್ಯಾಯ ಪೌಲ್ ಲಾ ಕೂರ್ 1891ರಲ್ಲಿ ಗಾಳಿಯಂತ್ರದಿಂದ ವಿದ್ಯುತ್ ಪಡೆಯುವ ಪ್ರಯೋಗ ಆರಂಭಿಸಿದರು. ಹಳ್ಳಿಯ ತರುಣರಿಗೆ ವಿದ್ಯುತ್ ಕೆಲಸವನ್ನು ಕಲಿಸಿದರು. ಅವರಲ್ಲಿ ಕಲಿತ ಯೊಹಾನೆಸ್ ಯೂಲ್ 1957ರಲ್ಲಿ ಗೆಡ್ಸರ್ ಎಂಬಲ್ಲಿ 200 ಕಿಲೋವ್ಯಾಟ್ ಸಾಮರ್ಥ್ಯದ ಯಂತ್ರವನ್ನು ನಿಲ್ಲಿಸಿದರು. ಇಂದು ಜಗತ್ತಿನ ಎಲ್ಲೆಡೆ ಕಾಣುವ ಮೂರು ಅಲಗುಗಳ ಗಾಳಿಯಂತ್ರದ ಹಿರಿಯಜ್ಜ ಅದು.

1973ರ ತೈಲ ಬಿಕ್ಕಟ್ಟು ಬಂದಾಗ ಡೆನ್ಮಾರ್ಕ್ ತನ್ನ ಶಕ್ತಿಯ ನೂರಕ್ಕೆ ತೊಂಬತ್ತು ಪಾಲನ್ನು ಆಮದು ತೈಲದಿಂದಲೇ ಪಡೆಯುತ್ತಿತ್ತು. ಆ ವರ್ಷದ ನವೆಂಬರ್ 25ರಿಂದ ಕೆಲವು ತಿಂಗಳ ಕಾಲ ಭಾನುವಾರಗಳಂದು ಕಾರು ಓಡಿಸುವುದನ್ನೇ ಸರ್ಕಾರ ನಿಷೇಧಿಸಿತು. ಬರಿದಾದ ಹೆದ್ದಾರಿಗಳ ಮೇಲೆ ಜನ ಸೈಕಲ್ ತುಳಿದರು, ನಡೆದರು. 1979ರಲ್ಲಿ ಮನೆಗಳ ಶಾಖ ಪೂರೈಕೆಗೆಂದೇ ಕಾಯಿದೆ ಬಂತು. ಊರಿಗೊಂದು ಶಾಖ ಕೇಂದ್ರ. ಅಲ್ಲಿಂದ ನೆಲದಡಿಯ ಕೊಳವೆಗಳಲ್ಲಿ ಬಿಸಿನೀರು ಮನೆಮನೆಗೆ. ಇಂದು ಆ ದೇಶದ ಸುಮಾರು ಮೂರನೇ ಎರಡರಷ್ಟು ಮನೆಗಳು ಹೀಗೆ ಬೆಚ್ಚಗಿವೆ. ಈ ಕೇಂದ್ರಗಳಲ್ಲಿ ಹಲವನ್ನು ಬಳಕೆದಾರರೇ ಸಹಕಾರ ತತ್ತ್ವದಲ್ಲಿ ನಡೆಸುತ್ತಾರೆ. ಶಾಖದಿಂದ ಲಾಭ ಮಾಡುವಂತಿಲ್ಲವೆಂಬುದು ಅಲ್ಲಿಯ ನಿಯಮ.

ಅದೇ ಬಿಕ್ಕಟ್ಟಿನಲ್ಲಿ ಅಣುಸ್ಥಾವರಗಳ ಯೋಜನೆಯೂ ಮುಂದೆ ಬಂತು. 1974ರಲ್ಲಿ ಜನರ ಸಂಘಟನೆಯೊಂದು ಅದರ ವಿರುದ್ಧ ನಿಂತಿತು. ನಗುವ ಸೂರ್ಯನ ಚಿತ್ರವಿದ್ದ, ‘ಅಣುಶಕ್ತಿಯೇ? ಬೇಡ, ವಂದನೆಗಳು’ ಎಂಬ ಅರ್ಥದ ಬಿಲ್ಲೆ ಆರ್ಹುಸ್ ನಗರದಲ್ಲಿ 1975ರಲ್ಲಿ ಹುಟ್ಟಿ ಲೋಕವನ್ನೆಲ್ಲ ಸುತ್ತಿತು. ಹತ್ತು ವರ್ಷಗಳ ಚರ್ಚೆ, ಮೆರವಣಿಗೆ, ಅಧ್ಯಯನಗಳ ಬಳಿಕ 1985ರಲ್ಲಿ ಸಂಸತ್ತು ಅಣುಶಕ್ತಿಯನ್ನು ದೇಶದ ಯೋಜನೆಯಿಂದ ಕೈಬಿಟ್ಟಿತು. ಕೈಗಾದ ಹೋರಾಟವನ್ನು ಕಂಡವರಿಗೆ ಆ ಹತ್ತು ವರ್ಷಗಳ ಶ್ರಮ ಎಂಥದೆಂದು ವಿವರಿಸಬೇಕಿಲ್ಲ. ವಿರೋಧದ ಜೊತೆಗೆ ಅಲ್ಲಿ ಪರ್ಯಾಯವೂ ಬೆಳೆಯಿತು. 2000ದಲ್ಲಿ ಕೋಪನ್‌ಹೇಗನ್ ಕರಾವಳಿಯಾಚೆ ಮಿಡೆಲ್‌ಗ್ರುಂಡೆನ್ ಎಂಬಲ್ಲಿ ನಿಂತ 20 ಗಾಳಿಯಂತ್ರಗಳಲ್ಲಿ ಅರ್ಧದ ಒಡೆತನ ಎಂಟು ಸಾವಿರಕ್ಕೂ ಹೆಚ್ಚು ಸದಸ್ಯರ ಸಹಕಾರ ಸಂಘದ್ದಾಯಿತು. ನಾಲ್ಕು ಸಾವಿರದಷ್ಟು ಜನರ ಸಾಮ್ಸೊ ದ್ವೀಪ 1997ರಲ್ಲಿ ನವೀಕರಿಸಬಹುದಾದ ಶಕ್ತಿಯ ದ್ವೀಪವಾಗಲು ಆಯ್ಕೆಯಾಗಿ, ಸುಮಾರು ಹತ್ತೇ ವರ್ಷಗಳಲ್ಲಿ ಗಾಳಿಯಂತ್ರ ಮತ್ತು ಹುಲ್ಲಿನ ಶಾಖ ಕೇಂದ್ರಗಳಿಂದ ತನ್ನ ಗುರಿಯನ್ನು ಮುಟ್ಟಿತು. ಅಲ್ಲಿಯ ರೈತರೂ ನಿವಾಸಿಗಳೂ ಆ ಯಂತ್ರಗಳ ಪಾಲುದಾರರು.

ಇದರೊಡನೆ ವಾರಕ್ಕೆ 37 ತಾಸುಗಳ ಕೆಲಸ, ವರ್ಷಕ್ಕೆ ಐದು ವಾರಗಳ ವೇತನಸಹಿತ ರಜೆ, ತೆರಿಗೆಯ ಹಣದಿಂದ ನಡೆಯುವ ಆಸ್ಪತ್ರೆ ಹಾಗೂ ಶಾಲೆಗಳನ್ನು ಸೇರಿಸಿ ನೋಡಿ. ನಾಳೆ ಕಾಯಿಲೆ ಬಿದ್ದರೆ ಮನೆ ಮಾರಬೇಕಾದೀತೆಂಬ ಭಯವಿಲ್ಲದವನು ಮಾತ್ರ ಸಂಜೆಯ ದೀಪದ ಮುಂದೆ ಅವಸರವಿಲ್ಲದೆ ಕುಳಿತುಕೊಳ್ಳಬಲ್ಲ. ಹ್ಯೂಗವೆಂಬುದು ಇಷ್ಟೆಲ್ಲ ಸಾಮೂಹಿಕ ಭದ್ರತೆಯ ಮೇಲೆ ಅರಳಿದ ಹೂವು. ಅಂಗಡಿಯವನು ಹೂವನ್ನು ಮಾತ್ರ ಕಿತ್ತು ಮಾರುತ್ತಿದ್ದಾನೆ.

ಒಲೆಯ ಹೊಗೆ, ಪರರ ಕಾಡು

ಆದರೆ ಪರಿಸರದ ದೃಷ್ಟಿಯುಳ್ಳವರು ಇಲ್ಲಿಗೇ ನಿಲ್ಲಬಾರದು. ಮೆಚ್ಚುಗೆಯ ಜೊತೆಗೆ ಲೆಕ್ಕವನ್ನೂ ಕೇಳಬೇಕು.

ಹ್ಯೂಗದ ಚಿತ್ರಗಳಲ್ಲಿ ಕಟ್ಟಿಗೆಯ ಒಲೆ ಇದ್ದೇ ಇರುತ್ತದೆ. ಡೆನ್ಮಾರ್ಕಿನ ಮನೆಗಳಲ್ಲಿ ಅಂಥ ಒಲೆಗಳು ಲಕ್ಷಗಟ್ಟಲೆ ಇವೆ. ಆ ದೇಶದೊಳಗೆ ಹೊರಬೀಳುವ ಅತಿಸೂಕ್ಷ್ಮ ದೂಳಿನ ಕಣಗಳ ಬಹುದೊಡ್ಡ ಮೂಲ ಈ ಒಲೆಗಳೇ. ಹೊಗೆಯ ಅಡುಗೆಮನೆಯಲ್ಲಿ ಕಣ್ಣು ಒರೆಸಿಕೊಂಡ ನಮ್ಮ ತಾಯಂದಿರಿಗೆ ಈ ಸೊಬಗಿನ ಇನ್ನೊಂದು ಮುಖ ಚೆನ್ನಾಗಿಯೇ ಗೊತ್ತು.

ಊರಿನ ಶಾಖ ಕೇಂದ್ರಗಳ ಕಥೆಯೂ ಪೂರ್ತಿ ಹಸಿರಲ್ಲ. ಕಲ್ಲಿದ್ದಲನ್ನು ಬಿಡುವ ಭರದಲ್ಲಿ ಅವು ಮರದ ಗುಳಿಗೆಗಳಿಗೆ ಹೊರಳಿದವು. ಆ ಗುಳಿಗೆಗಳ ಬಹುಭಾಗ ಎಸ್ಟೋನಿಯ, ಲಾಟ್ವಿಯಗಳಂಥ ಬಾಲ್ಟಿಕ್ ದೇಶಗಳಿಂದ, ಅಮೆರಿಕದಿಂದ ಹಡಗಿನಲ್ಲಿ ಬರುತ್ತದೆ. ಲೆಕ್ಕದ ಪುಸ್ತಕದಲ್ಲಿ ಅದು ನವೀಕರಿಸಬಹುದಾದ ಶಕ್ತಿ. ಮರ ಕಡಿದ ಕಾಡಿನಲ್ಲಿ ಅದು ಬೋಳು ನೆಲ. ಒಬ್ಬರ ಕೋಣೆಯ ಬೆಚ್ಚನೆಗೆ ಇನ್ನೊಬ್ಬರ ಕಾಡು ಉರಿಯುವುದನ್ನು ಸರಳ ಜೀವನವೆಂದು ಕರೆಯಲಾಗದು. ಆಣೆಕಟ್ಟುಗಳಿಗೂ ತಂತಿಮಾರ್ಗಗಳಿಗೂ ಕಾಡು ಕೊಟ್ಟು, ದೂರದ ನಗರಗಳ ದೀಪ ಬೆಳಗಿಸಿದ ನಮ್ಮ ಕಣಿವೆಗಳ ಜನ ಈ ಮಾತನ್ನು ಹೇಳಲು ಹಕ್ಕುಳ್ಳವರು.

ಇನ್ನೂ ಇದೆ. ಉತ್ತರ ಸಮುದ್ರದ ತೈಲ, ಅನಿಲಗಳಿಂದ ಡೆನ್ಮಾರ್ಕ್ ದಶಕಗಳ ಕಾಲ ಹಣ ಗಳಿಸಿತು. ಅದನ್ನು 2050ರೊಳಗೆ ನಿಲ್ಲಿಸುವ ತೀರ್ಮಾನವಾದದ್ದು 2020ರಲ್ಲಿ. ಪೌರ ತ್ಯಾಜ್ಯದಲ್ಲಿ ಅದು ಯುರೋಪಿಯನ್ ಒಕ್ಕೂಟದ ಮುಂಚೂಣಿಯಲ್ಲಿದೆ: 2021ರಲ್ಲಿ ತಲಾ 750 ಕಿಲೋಗೂ ಹೆಚ್ಚು. ದೇಶದ ನೆಲದ ಅರ್ಧಕ್ಕೂ ಮಿಕ್ಕ ಭಾಗ ಉಳುಮೆಗೆ ಸಿಕ್ಕಿ, ಹಂದಿ ಸಾಕಣೆಯ ಗೊಬ್ಬರ ಹರಿದು, ಸಮುದ್ರದ ಕೊಲ್ಲಿಗಳಲ್ಲಿ ಮೀನು ಉಸಿರುಗಟ್ಟಿವೆ. 2024ರಲ್ಲಿ ಸರ್ಕಾರ, ರೈತ ಸಂಘಟನೆ, ಪರಿಸರ ಸಂಘಟನೆಗಳು ಕೂಡಿ ಒಂದು ಒಪ್ಪಂದಕ್ಕೆ ಬಂದವು. ಅದರಂತೆ 2030ರಿಂದ ಜಾನುವಾರು ಸಾಕಣೆಯ ಅನಿಲಗಳ ಮೇಲೆ ತೆರಿಗೆ ಬೀಳಲಿದೆ. ಎರಡೂವರೆ ಲಕ್ಷ ಹೆಕ್ಟೇರ್ ಕಾಡು ಬೆಳೆಸುವ ಗುರಿಯೂ ಅದರಲ್ಲಿದೆ. ತಪ್ಪನ್ನು ಒಂದೇ ಮೇಜಿನ ಸುತ್ತ ಕುಳಿತು ತಿದ್ದಿಕೊಳ್ಳಲು ಹೊರಟಿರುವುದು ಮೆಚ್ಚತಕ್ಕದ್ದು.

ಬಾಗಿಲ ಹೊರಗೆ ನಿಂತವರು

ಬೆಚ್ಚಗಿನ ಕೋಣೆಗೆ ಬಾಗಿಲೂ ಇರುತ್ತದೆ. ಅದು ಒಳಗಿನವರನ್ನೂ ಹೊರಗಿನವರನ್ನೂ ಬೇರ್ಪಡಿಸುತ್ತದೆ. ಡೆನ್ಮಾರ್ಕಿನವರೇ ಆದ ಮಾನವಶಾಸ್ತ್ರಜ್ಞ ಯೆಪೆ ಟ್ರೋಲೆ ಲಿನೆಟ್ 2011ರ ತಮ್ಮ ಅಧ್ಯಯನದಲ್ಲಿ ಹ್ಯೂಗ ಸಮಾಜದ ನಿಯಂತ್ರಣದ ಸಾಧನವೂ ಆಗುತ್ತದೆಂದು ತೋರಿಸಿದರು. ಆಪ್ತರ ಕೂಟದಲ್ಲಿ ತಮಾಷೆಯ ಹೆಸರಿನಲ್ಲಿ ವಲಸಿಗರನ್ನು ಹೀಯಾಳಿಸುವುದಕ್ಕೆ ಡ್ಯಾನಿಷ್ ಭಾಷೆಯಲ್ಲಿ ‘ಹ್ಯೂಗ ಜನಾಂಗದ್ವೇಷ’ ಎಂಬ ಪದವೇ ಹುಟ್ಟಿದೆ. ಒಲೆಯ ಸುತ್ತಲಿನ ಆಪ್ತತೆಯನ್ನು ಹಾಡಿ ಹೊಗಳುವ ನಾವೂ, ನಮ್ಮ ಒಳಮನೆಗಳಿಗೆ ಯಾರನ್ನು ಕರೆದೆವು, ಯಾರನ್ನು ಅಂಗಳದಲ್ಲಿಯೇ ನಿಲ್ಲಿಸಿದೆವು ಎಂದು ಕೇಳಿಕೊಳ್ಳಬೇಕು. ಹಳೆಯದೆಲ್ಲವೂ ಸರಳ, ಸರಳವಾದುದೆಲ್ಲವೂ ನ್ಯಾಯ ಎಂಬ ಭ್ರಮೆ ನಮಗೆ ಬೇಡ.

ನಾವು ಪಡೆಯಬೇಕಾದದ್ದು

ಹಾಗಾದರೆ ಈ ವಿಚಾರದಿಂದ ನಮಗೇನು ಪ್ರಯೋಜನ? ಡೆನ್ಮಾರ್ಕಿನ ಬೀಜ ಕರ್ನಾಟಕಕ್ಕೆ ಒಮ್ಮೆ ಬಂದದ್ದುಂಟು. ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿ ಕಳೆದ ಶತಮಾನದ ನಡುವಿನಲ್ಲಿ ಗ್ರಾಮೀಣ ತರುಣರಿಗಾಗಿ ನಡೆಸಿದ ವಿದ್ಯಾಪೀಠಗಳಿಗೆ ಅಲ್ಲಿಯ ಜಾನಪದ ಪ್ರೌಢಶಾಲೆಗಳೇ ಮಾದರಿ. ನಮ್ಮ ಹಿರಿಯರು ಆ ದೇಶದಿಂದ ತರಬೇಕಾದುದು ಏನೆಂಬುದನ್ನು ಸರಿಯಾಗಿಯೇ ಗುರುತಿಸಿದ್ದರು. ಅವರು ಮೇಣದ ಬತ್ತಿಯನ್ನು ತರಲಿಲ್ಲ, ಶಾಲೆಯನ್ನು ತಂದರು. ಆ ಪ್ರಯತ್ನ ಏಕೆ ನಾಡಿನ ತುಂಬ ಹಬ್ಬಲಿಲ್ಲವೆಂಬುದು ವಿದ್ಯಾರ್ಥಿಗಳು ಕೈಗೆತ್ತಿಕೊಂಡು ಅಭ್ಯಾಸ ಮಾಡಬೇಕಾದ ವಿಷಯ.

ವಿದ್ಯಾರ್ಥಿ ಮಿತ್ರರಿಗೆ ನನ್ನ ವಿನಂತಿ ಇಷ್ಟು. ಸರಳ ಬದುಕು ಹಿಂದುಳಿದವರ ಹಣೆಬರಹವೆಂದು ನಿಮಗೆ ಯಾರಾದರೂ ಹೇಳಿದರೆ, ಜಗತ್ತಿನ ಸಂತುಷ್ಟ ದೇಶಗಳ ಸಾಲಿನಲ್ಲಿ ಮತ್ತೆ ಮತ್ತೆ ಮುಂದೆ ಬರುವ ದೇಶವೊಂದು ‘ಇಷ್ಟು ಸಾಕು’ ಎಂಬ ಭಾವಕ್ಕೆ ಹೆಸರಿಟ್ಟು ಗೌರವಿಸುತ್ತದೆಂಬುದನ್ನು ನೆನಪಿಸಿ. ಅದೇ ಸರಳತೆಯನ್ನು ನಿಮಗೆ ಯಾರಾದರೂ ಮಾರಲು ಬಂದರೆ, ಆ ದೇಶ ಅದನ್ನು ಅಂಗಡಿಯಲ್ಲಿ ಕೊಳ್ಳಲಿಲ್ಲ, ನೂರೈವತ್ತು ವರ್ಷ ಕೂಡಿ ದುಡಿದು ಪಡೆಯಿತೆಂಬುದನ್ನೂ ನೆನಪಿಸಿ.

ಊರಿನ ಹಿರಿಯರಲ್ಲಿಯೂ ಒಂದು ಮಾತು. ನಮ್ಮಲ್ಲಿಯೂ ಹಾಲಿನ ಸಂಘವಿದೆ, ಅಡಿಕೆಯ ಸಹಕಾರ ಸಂಘವಿದೆ, ಗ್ರಾಮಸಭೆಯಿದೆ, ಗ್ರಾಮ ಅರಣ್ಯ ಸಮಿತಿಯಿದೆ. ಅಲ್ಲಿ ನಾವು ಎಣಿಸುತ್ತಿರುವುದು ತಲೆಗಳನ್ನೋ, ತೋಟದ ಎಕರೆಗಳನ್ನೋ? ವಾರ್ಷಿಕ ಸಭೆಯ ದಿನ ಊಟಕ್ಕೆ ಮಾತ್ರ ಹೋಗಿ ಬರುವ ನಾವು, ನೆಮ್ಮದಿ ನಗರದಲ್ಲಿದೆಯೆಂದು ಮಕ್ಕಳು ಊರು ಬಿಟ್ಟಾಗ ಯಾರನ್ನು ದೂರೋಣ? ಮುಂದಿನ ಸಭೆಗೆ ಲೆಕ್ಕಪತ್ರ ಓದಿಕೊಂಡು ಹೋಗೋಣ, ಇದುವರೆಗೆ ಮಾತನಾಡದವರಿಗೆ ಮಾತು ಕೊಡೋಣ. ಮಳೆಗಾಲದ ಇರುಳಿನಲ್ಲಿ ಒಲೆಯ ಮುಂದೆ ಹಾಯಾಗಿ ಕುಳಿತುಕೊಳ್ಳುವ ಹಕ್ಕು ಅಲ್ಲಿಂದ ಮೊದಲಾಗುತ್ತದೆ.