ಅಗಲಿಕೆಯ ಹಾಡಿಗೆ ಇಂಗ್ಲಿಷ್ ಬೇಕೆ?

'ಹೆಚ್ಚು ಜನ ಕೇಳಬೇಕಾದರೆ ಇಂಗ್ಲಿಷಿನಲ್ಲಿ ಹಾಡು' ಎಂಬ ಉಪದೇಶವನ್ನು ಹೊಸದಾಗಿ ಹಾಡು ಕಟ್ಟುವ ಹುಡುಗ ಹುಡುಗಿಯರಿಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಈ ಮಾತನ್ನು ಒರೆಗೆ ಹಚ್ಚಿ ನೋಡಲು ಯೂರೋವಿಷನ್ ಗೀತಸ್ಪರ್ಧೆ ಒಳ್ಳೆಯ ಜಾಗ. 1956ರಲ್ಲಿ ಶುರುವಾದ ಈ ಸ್ಪರ್ಧೆಯಲ್ಲಿ ದೇಶಕ್ಕೊಂದೇ ಹಾಡು. ಅದೂ ಮೂರು ನಿಮಿಷ ಮೀರುವಂತಿಲ್ಲ. ತಮ್ಮ ದೇಶದ ಭಾಷೆಯಲ್ಲೇ ಹಾಡಬೇಕೆಂಬ ನಿಯಮವನ್ನು 1999ರಲ್ಲಿ ಕೈಬಿಟ್ಟ ಮೇಲೆ ಅನೇಕ ದೇಶಗಳು ಇಂಗ್ಲಿಷಿನತ್ತ ವಾಲಿದವು.

2012ರಲ್ಲಿ ಅಜರ್‌ಬೈಜಾನಿನ ಬಾಕು ನಗರದಲ್ಲಿ ನಡೆದ ಸ್ಪರ್ಧೆಗೆ ಸ್ಪೇನ್ ಕಳಿಸಿದ್ದು ಪಾಸ್ತೋರಾ ಸೋಲೆರ್ ಎಂಬ ಗಾಯಕಿಯನ್ನು. ಆಕೆ ಸೆವಿಲ್ಲೆ ಸೀಮೆಯವರು. ಹಾಡಿನ ಹೆಸರು 'ಕೇದಾತೆ ಕೊನ್ಮೀಗೊ'. ಅಂದರೆ 'ನನ್ನ ಜೊತೆಗೇ ಇರು'. ಬಿಟ್ಟುಹೋಗುತ್ತಿರುವವನನ್ನು ತಡೆಯುವ ಹೆಣ್ಣಿನ ಮೊರೆ ಅದು. ಮೆಲುದನಿಯಲ್ಲಿ ಆರಂಭವಾಗಿ, ಕೊನೆಗೆ ಒಂದೇ ಉಸಿರಿನಲ್ಲಿ ಎಳೆದು ನಿಲ್ಲಿಸಿದ ಏರುಸ್ವರದಲ್ಲಿ ಆ ಮೊರೆ ಮುಗಿಲು ಮುಟ್ಟುತ್ತದೆ. ಸ್ಪ್ಯಾನಿಷ್ ಬಾರದವರಿಗೂ ಅಲ್ಲಿ ಅರ್ಥ ಕೇಳಬೇಕೆನಿಸುವುದಿಲ್ಲ.

ಸಿಕ್ಕಿದ್ದು 97 ಅಂಕ, 10ನೇ ಸ್ಥಾನ. ಗೆದ್ದಿದ್ದು ಸ್ವೀಡನ್ನಿನ ಲೊರೀನ್ ಇಂಗ್ಲಿಷಿನಲ್ಲಿ ಹಾಡಿದ 'ಯುಫೋರಿಯಾ', 372 ಅಂಕಗಳೊಂದಿಗೆ. ವಿಶೇಷವೆಂದರೆ, ಎರಡೂ ಹಾಡುಗಳನ್ನು ಬರೆದವರಲ್ಲಿ ಸ್ವೀಡನ್ನಿನ ಥಾಮಸ್ ಗುಸ್ತಾಫ್ಸನ್ ಇದ್ದರು. ಒಬ್ಬನೇ ಕೈಹಾಕಿದ ಎರಡು ಹಾಡು, ಇಂಗ್ಲಿಷಿನದಕ್ಕೆ ಕಿರೀಟ! ಉಪದೇಶಿಗಳಿಗೆ ಇದಕ್ಕಿಂತ ಸಾಕ್ಷಿ ಬೇಕೆ?

ಬೇಕು. ಪಟ್ಟಿಯನ್ನು ಪೂರ್ತಿ ಓದಬೇಕು. ಅದೇ ರಾತ್ರಿ ಎರಡನೇ ಸ್ಥಾನ ಪಡೆದವರು ರಷ್ಯಾದ ಹಳ್ಳಿಯೊಂದರ ಅಜ್ಜಿಯರು. ಅವರ ಹಾಡಿನಲ್ಲಿ ಇಂಗ್ಲಿಷ್ ಪಲ್ಲವಿ ಇತ್ತು ನಿಜ, ಉಳಿದದ್ದೆಲ್ಲ ಉದ್ಮುರ್ತ್ ಎಂಬ ಪುಟ್ಟ ಭಾಷೆ. ಮೂರನೆಯದು ಸರ್ಬಿಯನ್ ಭಾಷೆಯ ಪ್ರೇಮಗೀತೆ. ಐದನೆಯದು ಅಲ್ಬೇನಿಯನ್ ಭಾಷೆಯದು. ಹಾಗಾದರೆ ಸ್ಪೇನನ್ನು ಹಿಂದಕ್ಕೆ ಹಾಕಿದ್ದು ಭಾಷೆಯೇ?

ಎರಡು ವರ್ಷದ ನಂತರ ಸ್ಪೇನ್ ಇಂಗ್ಲಿಷ್ ಬೆರೆಸಿದ ಹಾಡು ಕಳಿಸಿತು. ಬಂದದ್ದು ಮತ್ತದೇ 10ನೇ ಸ್ಥಾನ. 2017ರಲ್ಲಿ ಪುನಃ ಬೆರಕೆ ಹಾಡು ಕಳಿಸಿತು. ಈ ಸಲ 5 ಅಂಕ, ಕಟ್ಟಕಡೆಯ ಸ್ಥಾನ. ಅದೇ ರಾತ್ರಿ ಪಕ್ಕದ ಪೋರ್ಚುಗಲ್ಲಿನ ಸಾಲ್ವದೋರ್ ಸೊಬ್ರಾಲ್ ಪೋರ್ಚುಗೀಸಿನಲ್ಲೇ, ಕುಣಿತ ಥಳಕುಗಳಿಲ್ಲದೆ, ಒಬ್ಬರೇ ನಿಂತು ಹಾಡಿದರು. ಅದೂ ದೂರವಾದ ಪ್ರೀತಿಯ ಹಾಡೇ, ಬರೆದವರು ಅವರ ಅಕ್ಕ ಲೂಯಿಸಾ. 1964ರಿಂದ ಸ್ಪರ್ಧಿಸುತ್ತಿದ್ದ ಪೋರ್ಚುಗಲ್ 758 ಅಂಕ ಗಳಿಸಿ ಮೊದಲ ಸಲ ಗೆದ್ದಿತು.

ತಾಯ್ನುಡಿಯಲ್ಲಿ ಹಾಡಿದರೆ ಗೆಲುವು ಖಚಿತ ಎಂದು ಇದರ ಅರ್ಥವಲ್ಲ. ಹಾಗೆಂದರೆ ಅದೂ ಇನ್ನೊಂದು ಪೊಳ್ಳು ಉಪದೇಶವಾದೀತು. ಭಾಷೆ ಬದಲಿಸಿದ ಮಾತ್ರಕ್ಕೆ ಅಂಕ ಬರುವುದಿಲ್ಲ ಎಂಬುದಷ್ಟೇ ಈ ಪಟ್ಟಿಗಳು ಹೇಳುವ ಸತ್ಯ. ಹೋಗುವವರನ್ನು 'ಇರು' ಎಂದು ಕರೆಯುವಾಗ ಯಾರೂ ನಿಘಂಟು ತೆರೆಯುವುದಿಲ್ಲ. ಬಾಯಿಗೆ ಮೊದಲು ಬರುವ ಮಾತಿನಲ್ಲೇ ಕೂಗುತ್ತಾರೆ. ಹಾಡು ಅಲ್ಲಿಂದ ಹುಟ್ಟಲಿ. ಗೆಲ್ಲುವುದು ಸೋಲುವುದು ಆಮೇಲಿನ ಮಾತು.