ಮಹಜರಿನಲ್ಲಿ ಕಾಣದ ನಷ್ಟ

ಪ್ರವಾಹ ಇಳಿದ ಮೇಲೆ ಗ್ರಾಮಾಧಿಕಾರಿ ಬಂದು ಮಹಜರು ಬರೆಯುತ್ತಾನೆ. ಬಿದ್ದ ಗೋಡೆ, ಸತ್ತ ಎಮ್ಮೆ, ಕೊಳೆತ ಪೈರು ಎಲ್ಲವೂ ದಾಖಲಾಗುತ್ತವೆ. ಗೋಡೆಯೂ ಎಮ್ಮೆಯೂ ಇಲ್ಲದವನು ಏನನ್ನು ಕಳೆದುಕೊಂಡನೆಂದು ಕೇಳುವವರು ವಿರಳ. ಸರ್ಕಾರಿ ಕಡತಗಳ ನಡುವೆಯೇ ಆಯುಷ್ಯದ ಬಹುಪಾಲನ್ನು ಕಳೆದಿರುವ ನನಗೆ ಇದು ಕೇವಲ ಲೆಕ್ಕಪತ್ರದ ಲೋಪವೆನಿಸುವುದಿಲ್ಲ. ಇದು ನ್ಯಾಯದ ಪ್ರಶ್ನೆ.

ಅರ್ಥಶಾಸ್ತ್ರವು ಹಾನಿ ಮತ್ತು ನಷ್ಟಗಳನ್ನು ಬೇರೆ ಬೇರೆಯಾಗಿ ನೋಡುತ್ತದೆ. ಮುರಿದ ಸೇತುವೆ ಹಾನಿ. ಅದು ಮತ್ತೆ ನಿಲ್ಲುವವರೆಗೆ ಸಂತೆಗೆ ಹೋಗದ ತರಕಾರಿ, ಸುತ್ತುದಾರಿಯ ಡೀಸೆಲ್, ಕೈತಪ್ಪಿದ ಕೂಲಿ ನಷ್ಟ. 1972ರಲ್ಲಿ ನಿಕರಾಗುವಾ ದೇಶದ ಮನಾಗುವಾ ನಗರವನ್ನು ಭೂಕಂಪ ನೆಲಸಮ ಮಾಡಿದ ಬಳಿಕ, ವಿಶ್ವಸಂಸ್ಥೆಯ ಲ್ಯಾಟಿನ್ ಅಮೆರಿಕ ಆರ್ಥಿಕ ಆಯೋಗವು ಈ ಎರಡನ್ನೂ ಅಳೆಯುವ ಕ್ರಮವೊಂದನ್ನು ಬೆಳೆಸಿತು. 2018ರ ಕೇರಳ ಪ್ರವಾಹದ ಅಂದಾಜಿನಲ್ಲಿ ಹಾನಿ ಸುಮಾರು 10,500 ಕೋಟಿ ರೂಪಾಯಿಯಾದರೆ, ನಷ್ಟ ಸುಮಾರು 16,000 ಕೋಟಿ. ಕಣ್ಣಿಗೆ ಕಂಡದ್ದಕ್ಕಿಂತ ಕಾಣದ್ದೇ ಹೆಚ್ಚು!

ಆದರೂ ಪರಿಹಾರವು ಹರಿಯುವುದು ಕಂಡದ್ದರ ಕಡೆಗೇ. ಜೀವನೋಪಾಯಕ್ಕೆ ತೀವ್ರ ಪೆಟ್ಟು ಬಿದ್ದ ಕುಟುಂಬಗಳಿಗೆ ಅಲ್ಪಾವಧಿಯ ನೆರವು ನೀಡಲು ನಿಯಮಗಳಲ್ಲಿ ಅವಕಾಶ ಇಲ್ಲವೆಂದಲ್ಲ. ಆದರೆ ಪಹಣಿಯುಳ್ಳವನು ತನ್ನ ನಷ್ಟವನ್ನು ಸುಲಭವಾಗಿ ತೋರಿಸಬಲ್ಲ; ಕೂಲಿಕಾರ ಯಾವ ಕಾಗದ ತೋರಿಸಿಯಾನು? ಅದೇ 2018ರ ಮಳೆಗಾಲದಲ್ಲಿ ಕೊಡಗಿನ ಗುಡ್ಡಗಳೂ ಕುಸಿದವು. ಮಣ್ಣುಪಾಲಾದ ಕಾಳುಮೆಣಸಿನ ಬಳ್ಳಿಯನ್ನು ಮರಳಿ ನೆಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. ಅಷ್ಟು ಕಾಲ ಬೆಳೆಗಾರನಿಗೆ ಆದಾಯವಿಲ್ಲ, ಕೊಯ್ಯುವವನಿಗೆ ಕೆಲಸವಿಲ್ಲ.

ಪರೋಕ್ಷ ನಷ್ಟವನ್ನು ಮನಬಂದಂತೆ ಕೂಡಿಸಬಹುದೆಂದು ನಾನು ಹೇಳುತ್ತಿಲ್ಲ. ಗಿರಣಿಯ ಬೆಲೆಯಲ್ಲೇ ಅದರ ಮುಂದಿನ ಗಳಿಕೆಯೂ ಅಡಗಿರುವುದರಿಂದ, ಎರಡನ್ನೂ ಪೂರ್ತಿಯಾಗಿ ಸೇರಿಸಿದರೆ ಒಂದೇ ನಷ್ಟವನ್ನು ಎರಡು ಬಾರಿ ಎಣಿಸಿದಂತೆ. ದುರಸ್ತಿಯಾಗುವವರೆಗಿನ ಗಳಿಕೆಯನ್ನಷ್ಟೇ ನಷ್ಟವೆಂದು ಹಿಡಿಯಬೇಕು. ಇನ್ನೊಂದು ತೊಡಕೂ ಇದೆ. ನೀರು ನುಗ್ಗಿದ ಹೋಟೆಲಿನ ಗಿರಾಕಿ ಪಕ್ಕದ ಬೀದಿಯ ಹೋಟೆಲಿಗೆ ಹೋದರೆ, ನಗರದ ಒಟ್ಟು ಲೆಕ್ಕದಲ್ಲಿ ನಷ್ಟ ಅಲ್ಪವೇ. ಆದರೆ ಮುಚ್ಚಿದ ಹೋಟೆಲಿನ ಮಾಣಿಗೆ ಆ ತಿಂಗಳ ಸಂಬಳವಿಲ್ಲ. ರಾಜ್ಯದ ಬೊಕ್ಕಸಕ್ಕೆ ಒಂದು ಲೆಕ್ಕ, ಮನೆಯ ಒಲೆಗೆ ಇನ್ನೊಂದು ಲೆಕ್ಕ. ಎಷ್ಟು ಹಣ ಬೇಕೆಂಬುದನ್ನು ಮೊದಲನೆಯದು ಹೇಳಲಿ. ಯಾರಿಗೆ ಸಲ್ಲಬೇಕೆಂಬುದನ್ನು ಎರಡನೆಯದೇ ನಿರ್ಧರಿಸಬೇಕು.

ನೆರವು ತಡವಾದಷ್ಟೂ ನಷ್ಟ ಬೆಳೆಯುತ್ತದೆಂಬುದು ಮರೆಯಬಾರದ ಮಾತು. ಗೋಡೆ ಒಮ್ಮೆ ಬಿದ್ದರೆ ಮತ್ತೆ ಬೀಳುವುದಿಲ್ಲ. ಆದಾಯವಾದರೋ ದಿನದಿನವೂ ಬೀಳುತ್ತದೆ. ಹೊಲಿಗೆ ಯಂತ್ರ ಕಳೆದುಕೊಂಡವನಿಗೆ ಮೊದಲ ವಾರ ಸಿಕ್ಕ ಯಂತ್ರ ಸಂಸಾರವನ್ನು ಉಳಿಸುತ್ತದೆ. ಆರು ತಿಂಗಳ ಬಳಿಕ ಬಂದ ಅದೇ ಹಣ ಬಡ್ಡಿ ಸಾಲಕ್ಕೆ ಜಮೆಯಾಗುತ್ತದೆ.

ಹೊರನಾಡಿನಲ್ಲಿರುವ ನಮಗೆ ಇದು ದೂರದ ಸಂಗತಿಯಲ್ಲ. ಮುಂಬಯಿಯ 2005ರ ಜುಲೈ ಪ್ರಳಯವನ್ನೂ ಚೆನ್ನೈಯ 2015ರ ನೆರೆಯನ್ನೂ ಕಂಡವರು ನಮ್ಮ ನಡುವೆ ಇದ್ದಾರೆ. ಬಾಡಿಗೆ ಕೋಣೆಯಲ್ಲಿದ್ದು, ಪಡಿತರ ಚೀಟಿಯನ್ನು ಊರಲ್ಲೇ ಬಿಟ್ಟು ಬಂದ ನಮ್ಮ ಕಟ್ಟಡ ಕೂಲಿಗಳು, ಹೋಟೆಲ್ ಕಾರ್ಮಿಕರು ಎರಡು ರಾಜ್ಯಗಳ ಪಟ್ಟಿಯಿಂದಲೂ ಹೊರಗುಳಿಯುವ ಅಪಾಯವಿದೆ. ಆದ್ದರಿಂದ ಮಹಜರಿನ ಜೊತೆಗೇ ಕೈತಪ್ಪಿದ ಕೆಲಸದ ದಿನಗಳ ಗಣತಿಯೂ ನಡೆಯಬೇಕು. ವಾಸಸ್ಥಳದ ದಾಖಲೆಯ ಬದಲು ಮಾಲೀಕನ ಅಥವಾ ಮೇಸ್ತ್ರಿಯ ದೃಢೀಕರಣ ಸಾಕೆನ್ನಬೇಕು.

ಸಂಘಗಳಿಗೂ ಇಲ್ಲಿ ಕೆಲಸವಿದೆ. ಹಳೆಯ ಬಟ್ಟೆಗಳ ಮೂಟೆ ಕಟ್ಟುವುದಕ್ಕಿಂತ, ಯಾರ ಕೆಲಸ ಎಷ್ಟು ದಿನ ನಿಂತಿತೆಂಬ ಪಟ್ಟಿ ಮಾಡಿ ಜಿಲ್ಲಾಧಿಕಾರಿಯ ಮುಂದಿಡುವುದು ದೊಡ್ಡ ಸೇವೆ. ನಿಧಿ ಕೂಡಿದರೆ ತಳ್ಳುಗಾಡಿ, ಹತಾರ, ಒಂದು ತಿಂಗಳ ಬಂಡವಾಳ ಕೊಡೋಣ. ಬಿದ್ದ ಮನೆಯನ್ನು ಸರ್ಕಾರ ಇಂದಲ್ಲ ನಾಳೆ ಎಣಿಸುತ್ತದೆ. ನಿಂತ ದುಡಿಮೆಯನ್ನು ಎಣಿಸುವ ಕೆಲಸವನ್ನು ನಾವೇ ಆರಂಭಿಸಬೇಕು.